ಮಕ್ಕಳ ಮೂಳೆಯ ಬೆಳವಣಿಗೆ ಫಲಕದ ಮುರಿತಗಳು: ವಿಧಗಳು, ಚಿಕಿತ್ಸೆ ಹಾಗೂ ಪೋಷಕರು ಗಮನಿಸಬೇಕಾದ ಅಂಶಗಳು

ಪೀಠಿಕೆ

ಮಕ್ಕಳು ಆಟವಾಡುವಾಗ ಬಿದ್ದು ಕೈಕಾಲುಗಳ ಮೂಳೆ ಮುರಿದುಕೊಳ್ಳುವುದು ಯಾವ ಕುಟುಂಬದಲ್ಲಿಯಾದರೂ ಸಂಭವಿಸಬಹುದಾದ ಸಂಗತಿಯಾಗಿದೆ. ಮಕ್ಕಳ ಮೂಳೆ ಬೇಗ ಕೂಡಿಕೊಳ್ಳುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಮುರಿತವು ಮೂಳೆಯ ತುದಿಯಲ್ಲಿರುವ ಬೆಳವಣಿಗೆ ಫಲಕದಲ್ಲಿ ಆಗಿದ್ದಲ್ಲಿ, ಮೂಳೆ ಕೂಡಿಕೊಂಡ ಮಾತ್ರಕ್ಕೆ ಪ್ರಕರಣವು ಮುಕ್ತಾಯಗೊಂಡಂತಲ್ಲ. ಅಂತಹ ಮುರಿತವು ಮುಂದಿನ ವರ್ಷಗಳಲ್ಲಿ ಕೈ ಅಥವಾ ಕಾಲು ವಕ್ರವಾಗಲು ಇಲ್ಲವೇ ಗಿಡ್ಡವಾಗಲು ಕಾರಣವಾಗಬಹುದು.

ಇಂತಹ ಮುರಿತಗಳಲ್ಲಿ ಹಲವು ವಿಧಗಳಿದ್ದು, ಚಿಕಿತ್ಸೆ ಮತ್ತು ಮರುತಪಾಸಣೆಯ ಅವಧಿಯು ಬಹುಮಟ್ಟಿಗೆ ಆಯಾ ವಿಧವನ್ನು ಅವಲಂಬಿಸಿರುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ವೈದ್ಯರು ಬರೆಯುವ ಈ ವಿಧದ ಅರ್ಥವನ್ನು ಪೋಷಕರು ತಿಳಿದಿದ್ದಲ್ಲಿ, ಮಗುವನ್ನು ಯಾವಾಗ ಮತ್ತು ಎಷ್ಟು ಕಾಲ ಮರುತಪಾಸಣೆಗೆ ಕರೆತರಬೇಕು ಎಂಬುದು ಸ್ಪಷ್ಟವಾಗುತ್ತದೆ. ಈ ಉದ್ದೇಶದಿಂದ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಬೆಳವಣಿಗೆ ಫಲಕ ಎಂದರೇನು?

ಕೈಕಾಲುಗಳ ಉದ್ದನೆಯ ಮೂಳೆಗಳು ಮಧ್ಯಭಾಗದಿಂದ ಉದ್ದವಾಗುವುದಿಲ್ಲ. ತುದಿಗಳ ಸಮೀಪದಿಂದ ಉದ್ದವಾಗುತ್ತವೆ. ಮೂಳೆಯ ತುದಿಭಾಗ ಹಾಗೂ ಕಾಂಡಭಾಗಗಳ ನಡುವೆ ಮೃದ್ವಸ್ಥಿಯ ತೆಳುವಾದ ಪದರವೊಂದು ಇರುತ್ತದೆ. ಇದನ್ನು ವೈದ್ಯರು ಗ್ರೋತ್ ಪ್ಲೇಟ್ ಅಥವಾ ಫೈಸಿಸ್ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ಬೆಳವಣಿಗೆ ಫಲಕ ಎಂಬ ಪದವನ್ನು ಬಳಸಲಾಗಿದೆ. ಈ ಪದರದಲ್ಲಿ ಹೊಸ ಜೀವಕೋಶಗಳು ಸಾಲುಸಾಲಾಗಿ ಹುಟ್ಟಿ, ಹಿಗ್ಗಿ, ನಂತರ ಸುಣ್ಣದ ಅಂಶ ಸೇರಿ ಗಟ್ಟಿ ಮೂಳೆಯಾಗಿ ಮಾರ್ಪಡುತ್ತವೆ.

ಹೆಣ್ಣುಮಕ್ಕಳಲ್ಲಿ ಸುಮಾರು 14 ರಿಂದ 15 ವರ್ಷ ಹಾಗೂ ಗಂಡುಮಕ್ಕಳಲ್ಲಿ ಸುಮಾರು 16 ರಿಂದ 17 ವರ್ಷದ ವೇಳೆಗೆ ಕೈಕಾಲುಗಳ ಹೆಚ್ಚಿನ ಬೆಳವಣಿಗೆ ಫಲಕಗಳು ಮುಚ್ಚಿ ಮೂಳೆಯೊಳಗೆ ವಿಲೀನವಾಗುತ್ತವೆ. ಅನಂತರ ಎತ್ತರ ಬೆಳೆಯುವುದಿಲ್ಲ.

ಎಲ್ಲ ಫಲಕಗಳ ಪಾಲು ಒಂದೇ ಆಗಿರುವುದಿಲ್ಲ. ತೊಡೆಯ ಮೂಳೆಯ ಬೆಳವಣಿಗೆಯಲ್ಲಿ ಸುಮಾರು ಶೇ. 70ರಷ್ಟು ಮೊಣಕಾಲಿನ ಸಮೀಪದ ಫಲಕದಿಂದ ಆಗುತ್ತದೆ. ತೋಳಿನ ಮೂಳೆಯ ಬೆಳವಣಿಗೆಯಲ್ಲಿ ಸುಮಾರು ಶೇ. 80ರಷ್ಟು ಭುಜದ ಸಮೀಪದ ಫಲಕದಿಂದ ಆಗುತ್ತದೆ. ಆದ್ದರಿಂದ ಪೆಟ್ಟು ಎಷ್ಟು ಜೋರಾಗಿದೆ ಎಂಬುದರ ಜೊತೆಗೆ, ಯಾವ ಫಲಕಕ್ಕೆ ಬಿದ್ದಿದೆ ಎಂಬುದೂ ಮುಖ್ಯವಾಗುತ್ತದೆ.

2. ಮುರಿತವು ಈ ಸ್ಥಳದಲ್ಲಿ ಏಕೆ ಉಂಟಾಗುತ್ತದೆ?

ಮಕ್ಕಳಲ್ಲಿ ಕೀಲುಗಳನ್ನು ಬಿಗಿದಿಡುವ ಅಸ್ಥಿಬಂಧಗಳಿಗಿಂತ ಬೆಳವಣಿಗೆ ಫಲಕವು ದುರ್ಬಲವಾಗಿರುತ್ತದೆ. ವಯಸ್ಕರಲ್ಲಿ ಅಸ್ಥಿಬಂಧ ಹರಿದು ಉಳುಕು ಉಂಟಾಗುವಂತಹ ಪೆಟ್ಟು, ಮಗುವಿನಲ್ಲಿ ಫಲಕದ ಮುರಿತವನ್ನು ಉಂಟುಮಾಡಬಹುದು. ಮಕ್ಕಳ ಒಟ್ಟು ಮುರಿತಗಳಲ್ಲಿ ಸುಮಾರು ಶೇ. 15 ರಿಂದ 30ರಷ್ಟು ಬೆಳವಣಿಗೆ ಫಲಕಕ್ಕೆ ಸಂಬಂಧಿಸಿರುತ್ತವೆ. ಬೆರಳುಗಳು, ಮಣಿಕಟ್ಟು ಮತ್ತು ಕಾಲಿನ ಹರಡು ಇವು ಹೆಚ್ಚಾಗಿ ಗಾಯಗೊಳ್ಳುವ ಸ್ಥಳಗಳಾಗಿವೆ. ವೇಗವಾಗಿ ಎತ್ತರ ಬೆಳೆಯುವ ವಯಸ್ಸಿನಲ್ಲಿ ಈ ಮುರಿತಗಳು ಹೆಚ್ಚು. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಹೆಚ್ಚು.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವೈದ್ಯಕೀಯ ಬರಹಗಳಲ್ಲಿ, ಓಡುವ ಕುದುರೆ ಗಾಡಿಯ ಹಿಂದೆ ಜೋತುಬಿದ್ದ ಹುಡುಗರ ಕಾಲು ಚಕ್ರದ ಅರಗಳಿಗೆ ಸಿಲುಕಿ ಮೊಣಕಾಲಿನ ಬಳಿಯ ಫಲಕ ಬೇರ್ಪಡುತ್ತಿದ್ದುದನ್ನು ವಿವರಿಸಲಾಗಿದೆ. ಇಂದು ನಮ್ಮಲ್ಲಿ ದ್ವಿಚಕ್ರ ವಾಹನದ ಹಿಂದಿನ ಚಕ್ರಕ್ಕೆ ಪಾದ ಸಿಲುಕಿ ಮಕ್ಕಳು ಗಾಯಗೊಳ್ಳುವುದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಚಕ್ರದ ಕನಿಷ್ಠ ಅರ್ಧಭಾಗವನ್ನು ಮುಚ್ಚುವ ರಕ್ಷಕವನ್ನು, ಅಂದರೆ ಸಾಮಾನ್ಯವಾಗಿ ಸೀರೆ ಗಾರ್ಡ್ ಎಂದು ಕರೆಯುವ ಸಾಧನವನ್ನು, ಅಳವಡಿಸಿರಬೇಕು. ಇದನ್ನು ತೆಗೆದುಹಾಕಬಾರದಾಗಿ ಕೋರಲಾಗಿದೆ.

3. ಮುರಿತಗಳ ಐದು ವಿಧಗಳು

ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಪೋಲೆಂಡ್ ಅವರು 1898ರಲ್ಲಿ ಈ ಮುರಿತಗಳನ್ನು ವಿಂಗಡಿಸಿ ಗ್ರಂಥವೊಂದನ್ನು ಪ್ರಕಟಿಸಿದ್ದರು. ಪ್ರಸ್ತುತ ಹೆಚ್ಚಾಗಿ ಬಳಕೆಯಲ್ಲಿರುವುದು ಕೆನಡಾ ದೇಶದ ಟೊರಾಂಟೊ ನಗರದ ಮೂಳೆ ತಜ್ಞರಾದ ರಾಬರ್ಟ್ ಸಾಲ್ಟರ್ ಮತ್ತು ಡಬ್ಲ್ಯು. ರಾಬರ್ಟ್ ಹ್ಯಾರಿಸ್ ಅವರು 1963ರಲ್ಲಿ ಪ್ರಕಟಿಸಿದ ವರ್ಗೀಕರಣ. ಆಸ್ಪತ್ರೆಯ ಚೀಟಿಯಲ್ಲಿ ಸಾಲ್ಟರ್-ಹ್ಯಾರಿಸ್ ಅಥವಾ ಸಂಕ್ಷಿಪ್ತವಾಗಿ ಎಸ್.ಎಚ್. ಎಂದು ಬರೆದು, ಮುಂದೆ 1 ರಿಂದ 5ರವರೆಗಿನ ಸಂಖ್ಯೆಯನ್ನು ಸಾಮಾನ್ಯವಾಗಿ ರೋಮನ್ ಅಂಕಿಗಳಲ್ಲಿ ನಮೂದಿಸಲಾಗುತ್ತದೆ. ಇವುಗಳ ವಿವರ ಈ ಕೆಳಗಿನಂತಿದೆ.

ಮೊದಲನೆಯ ವಿಧ: ಮುರಿತದ ಗೆರೆಯು ಫಲಕದ ಉದ್ದಕ್ಕೂ ಮಾತ್ರ ಸಾಗುತ್ತದೆ. ಮೂಳೆಯ ತುದಿಭಾಗವು ಕಾಂಡಭಾಗದಿಂದ ಬೇರ್ಪಡುತ್ತದೆ. ಸ್ಥಾನ ಪಲ್ಲಟವಾಗದಿದ್ದಲ್ಲಿ ಎಕ್ಸ್-ರೇ ಚಿತ್ರವು ಸಹಜವಾಗಿಯೇ ಕಾಣಬಹುದು. ಫಲಕದ ಮೇಲೆ ಬೆರಳಿನಿಂದ ಒತ್ತಿದಾಗ ಉಂಟಾಗುವ ನೋವೇ ಮುಖ್ಯ ಸುಳಿವು. ಸಾಮಾನ್ಯವಾಗಿ ಚೆನ್ನಾಗಿ ಗುಣವಾಗುತ್ತದೆ.

ಎರಡನೆಯ ವಿಧ: ಗೆರೆಯು ಫಲಕದಲ್ಲಿ ಸ್ವಲ್ಪ ದೂರ ಸಾಗಿ, ಕಾಂಡಭಾಗದ ಕಡೆಗೆ ತಿರುಗಿ, ಅಲ್ಲಿನ ಮೂಳೆಯ ಚೂರೊಂದನ್ನು ಸೇರಿಸಿಕೊಂಡು ಹೊರಬರುತ್ತದೆ. ಇದು ಅತ್ಯಂತ ಸಾಮಾನ್ಯವಾದ ವಿಧವಾಗಿದ್ದು, ಬೆಳವಣಿಗೆ ಫಲಕದ ಮುರಿತಗಳಲ್ಲಿ ಸುಮಾರು ನಾಲ್ಕನೇ ಮೂರು ಭಾಗ ಇದೇ ಆಗಿರುತ್ತದೆ. ಕೈ ಊರಿ ಬಿದ್ದ ಮಗುವಿನ ಮಣಿಕಟ್ಟಿನ ಮುರಿತವು ಇದಕ್ಕೆ ಉದಾಹರಣೆ. ಮಣಿಕಟ್ಟಿನಲ್ಲಿ ಫಲಿತಾಂಶವು ಸಾಮಾನ್ಯವಾಗಿ ಉತ್ತಮ. ಆದರೆ ಮೊಣಕಾಲಿನ ಬಳಿ ಇದೇ ವಿಧದ ಮುರಿತವು ಬೆಳವಣಿಗೆಯನ್ನು ಕುಂಠಿತಗೊಳಿಸುವ ಸಾಧ್ಯತೆ ಹೆಚ್ಚಾಗಿರುತ್ತದೆ.

ಮೂರನೆಯ ವಿಧ: ಗೆರೆಯು ಫಲಕದಿಂದ ತುದಿಭಾಗದ ಕಡೆಗೆ ತಿರುಗಿ ಕೀಲಿನೊಳಗೆ ತೆರೆದುಕೊಳ್ಳುತ್ತದೆ. ಇಲ್ಲಿ ಫಲಕದ ಜೊತೆಗೆ ಕೀಲಿನ ನುಣುಪಾದ ಮೇಲ್ಮೈ ಸಹ ಒಡೆದಿರುತ್ತದೆ. ಬೆಳವಣಿಗೆಯು ಮುಕ್ತಾಯದ ಹಂತದಲ್ಲಿರುವ 12 ರಿಂದ 15 ವರ್ಷದ ಮಕ್ಕಳ ಹರಡಿನಲ್ಲಿ ಇದು ಕಂಡುಬರುತ್ತದೆ. ಈ ವಯಸ್ಸಿನಲ್ಲಿ ಉಳಿದಿರುವ ಬೆಳವಣಿಗೆ ಕಡಿಮೆಯಾದ್ದರಿಂದ ಕಾಲು ಗಿಡ್ಡವಾಗುವ ಭಯ ಕಡಿಮೆ. ಆದರೆ ಕೀಲು ಸಮನಾಗಿ ಕೂಡದಿದ್ದಲ್ಲಿ ಮುಂದೆ ಕೀಲು ಸವೆತ ಉಂಟಾಗಬಹುದು.

ನಾಲ್ಕನೆಯ ವಿಧ: ಗೆರೆಯು ಕೀಲಿನಿಂದ ಆರಂಭವಾಗಿ ತುದಿಭಾಗ, ಫಲಕ ಮತ್ತು ಕಾಂಡಭಾಗ ಮೂರನ್ನೂ ಸೀಳಿಕೊಂಡು ಹೋಗುತ್ತದೆ. ಎರಡು ಭಾಗಗಳು ಸರಿಯಾಗಿ ಜೋಡಣೆಯಾಗದಿದ್ದಲ್ಲಿ ಮೇಲಿನ ಮೂಳೆ ಕೆಳಗಿನ ಮೂಳೆಗೆ ಅಂಟಿಕೊಂಡು, ಫಲಕದ ಅಡ್ಡಲಾಗಿ ಮೂಳೆಯ ಸೇತುವೆಯೊಂದು ನಿರ್ಮಾಣವಾಗುತ್ತದೆ. ಈ ಸೇತುವೆಯಿರುವ ಕಡೆ ಬೆಳವಣಿಗೆ ನಿಂತು, ಉಳಿದ ಕಡೆ ಮುಂದುವರಿಯುವುದರಿಂದ ಮೂಳೆ ವಕ್ರವಾಗುತ್ತದೆ. ಮೊಣಕೈನ ಹೊರಬದಿಯ ಮುರಿತಗಳಲ್ಲಿ ಹಲವು ಈ ವಿಧಕ್ಕೆ ಸೇರುತ್ತವೆ. ಮರದಿಂದಲೋ ಜಗುಲಿಯಿಂದಲೋ ಬಿದ್ದ 5 ರಿಂದ 10 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಇದನ್ನು ಅಲಕ್ಷಿಸಿದಲ್ಲಿ ಮೂಳೆ ಕೂಡದೆ ಉಳಿದು, ಮೊಣಕೈ ಹೊರಕ್ಕೆ ಬಾಗಿ, ಎಷ್ಟೋ ವರ್ಷಗಳ ನಂತರ ಕಿರುಬೆರಳಿನ ಕಡೆಯ ನರವು ದುರ್ಬಲಗೊಂಡು ಕೈಯ ಹಿಡಿತ ಕುಗ್ಗಬಹುದು.

ಐದನೆಯ ವಿಧ: ಇಲ್ಲಿ ಯಾವುದೇ ಗೆರೆ ಕಾಣುವುದಿಲ್ಲ. ಎತ್ತರದಿಂದ ಬಿದ್ದಾಗ ಅಥವಾ ಭಾರಿ ಒತ್ತಡ ಬಿದ್ದಾಗ ಫಲಕದ ಜೀವಕೋಶಗಳು ಜಜ್ಜಿಹೋಗಿರುತ್ತವೆ. ಇದು ಅತ್ಯಂತ ವಿರಳ, ಶೇ. 1ಕ್ಕಿಂತಲೂ ಕಡಿಮೆ. ಆರಂಭದಲ್ಲಿ ಎಕ್ಸ್-ರೇ ಸಹಜವಾಗಿದ್ದು, ತಿಂಗಳುಗಳ ನಂತರ ಬೆಳವಣಿಗೆ ನಿಂತಿರುವುದು ಗೊತ್ತಾದಾಗಲೇ ಬಹುಪಾಲು ಪ್ರಕರಣಗಳು ಪತ್ತೆಯಾಗುತ್ತವೆ.

ಸ್ಥೂಲವಾಗಿ ಹೇಳುವುದಾದರೆ ಸಂಖ್ಯೆ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಆದರೆ ಸಂಖ್ಯೆಯೊಂದನ್ನೇ ನೋಡಿ ನಿರಾಳವಾಗುವಂತಿಲ್ಲ. ಮುರಿತದ ಸ್ಥಳ ಹಾಗೂ ಮಗುವಿನ ವಯಸ್ಸನ್ನು ಸಹ ಪರಿಗಣಿಸಬೇಕಾಗುತ್ತದೆ.

4. ಯಾವ ಲಕ್ಷಣಗಳಿದ್ದಲ್ಲಿ ಮಗುವನ್ನು ಆಸ್ಪತ್ರೆಗೆ ಕರೆತರಬೇಕು?

ಅ) ಕೀಲಿನ ಬಳಿ ಊತ ಮತ್ತು ನೋವು ಇದ್ದು, ಮಗುವು ಆ ಕೈಯನ್ನು ಬಳಸದಿದ್ದಲ್ಲಿ ಅಥವಾ ಆ ಕಾಲಿನ ಮೇಲೆ ಭಾರ ಹಾಕದಿದ್ದಲ್ಲಿ.

ಆ) ಕೈ ಅಥವಾ ಕಾಲು ಸೊಟ್ಟಗೆ ಕಂಡುಬಂದಲ್ಲಿ, ಬೆರಳುಗಳು ತಣ್ಣಗಾಗಿದ್ದಲ್ಲಿ, ನೀಲಿಗಟ್ಟಿದ್ದಲ್ಲಿ ಅಥವಾ ಮರಗಟ್ಟಿದ್ದಲ್ಲಿ. ಇದು ತುರ್ತು ಪರಿಸ್ಥಿತಿಯಾಗಿರುತ್ತದೆ.

ಇ) ಬಾಗಿಲ ಸಂದಿಗೆ ಬೆರಳು ಸಿಲುಕಿ, ಉಗುರು ಬುಡದಿಂದ ಮೇಲೆದ್ದು ರಕ್ತ ಬರುತ್ತಿದ್ದಲ್ಲಿ. ಉಗುರಿನ ಅಡಿಯಲ್ಲಿ ಫಲಕವು ಮುರಿದು ಹೊರಕ್ಕೆ ತೆರೆದುಕೊಂಡಿರಬಹುದು. ಇದನ್ನು ಶುಚಿಗೊಳಿಸದೆ ಪಟ್ಟಿ ಮಾತ್ರ ಕಟ್ಟಿದಲ್ಲಿ ಮೂಳೆಗೆ ಸೋಂಕು ತಗಲುತ್ತದೆ.

ಈ) ಹತ್ತು ವರ್ಷ ಮೇಲ್ಪಟ್ಟ, ವಿಶೇಷವಾಗಿ ದಪ್ಪನೆಯ ಮೈಕಟ್ಟಿನ ಮಗುವು ದೊಡ್ಡ ಪೆಟ್ಟಿಲ್ಲದೆಯೇ ಕುಂಟುತ್ತಿದ್ದು, ತೊಡೆ ಅಥವಾ ಮೊಣಕಾಲು ನೋವೆಂದು ಹೇಳುತ್ತಿದ್ದಲ್ಲಿ. ಸೊಂಟದ ಕೀಲಿನೊಳಗೆ ತೊಡೆಮೂಳೆಯ ತಲೆಭಾಗವು ಫಲಕದಲ್ಲಿ ಜಾರುತ್ತಿರುವ ಸಾಧ್ಯತೆ ಇರುತ್ತದೆ. ಮೊಣಕಾಲಿನ ಎಕ್ಸ್-ರೇ ಜೊತೆಗೆ ಸೊಂಟದ ಕೀಲನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಬೇಕು.

ಎಕ್ಸ್-ರೇಯಲ್ಲಿ ಮೃದ್ವಸ್ಥಿಯು ಕಾಣುವುದಿಲ್ಲ. ಫಲಕದ ಸ್ಥಾನದಲ್ಲಿ ಕಪ್ಪು ಗೆರೆ ಮಾತ್ರ ಕಾಣುತ್ತದೆ. ಹಾಗಾಗಿ ಎಕ್ಸ್-ರೇ ಸಹಜವಾಗಿದೆ ಎಂಬುದು ಮುರಿತವಿಲ್ಲ ಎಂಬುದಕ್ಕೆ ಪೂರ್ಣ ಪುರಾವೆಯಲ್ಲ. ವೈದ್ಯರು ಎಕ್ಸ್-ರೇ ಸರಿಯಿದ್ದರೂ ಪ್ಲಾಸ್ಟರ್ ಹಾಕಿ, ಒಂದು ವಾರ ಅಥವಾ ಹತ್ತು ದಿನಗಳ ನಂತರ ಮತ್ತೆ ಬರುವಂತೆ ಸೂಚಿಸುವುದು ಈ ಕಾರಣದಿಂದಲೇ. ಈ ಎರಡನೆಯ ಭೇಟಿಯನ್ನು ತಪ್ಪಿಸಬಾರದು.

5. ಚಿಕಿತ್ಸೆಯ ವಿವರ

ಮೊದಲನೆಯ ಮತ್ತು ಎರಡನೆಯ ವಿಧಗಳಲ್ಲಿ, ಸ್ಥಾನ ಪಲ್ಲಟವಾಗಿದ್ದಲ್ಲಿ ಅರಿವಳಿಕೆ ನೀಡಿ ಮೂಳೆಯನ್ನು ಮೃದುವಾಗಿ ಸ್ಥಾನಕ್ಕೆ ತಂದು, ಸಾಮಾನ್ಯವಾಗಿ 3 ರಿಂದ 6 ವಾರಗಳ ಕಾಲ ಪ್ಲಾಸ್ಟರ್ ಹಾಕಲಾಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ವಿಧಗಳಲ್ಲಿ ಕೀಲಿನ ಮೇಲ್ಮೈ ಹಾಗೂ ಫಲಕ ಎರಡೂ ಕರಾರುವಾಕ್ಕಾಗಿ ಕೂಡಬೇಕು. ಅಂತರವು 2 ಮಿ.ಮೀ.ಗಿಂತ ಹೆಚ್ಚಿದ್ದಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮೂಲಕ ತಂತಿ ಅಥವಾ ಸ್ಕ್ರೂ ಅಳವಡಿಸಲಾಗುತ್ತದೆ. ಫಲಕವನ್ನು ದಾಟಬೇಕಾಗಿ ಬಂದಲ್ಲಿ ಅದಕ್ಕೆ ಹಾನಿಯಾಗದಂತೆ ನುಣುಪಾದ ತಂತಿಯನ್ನೇ ಬಳಸಿ, ನಂತರ ತೆಗೆಯಲಾಗುತ್ತದೆ.

ಇಲ್ಲಿ ಸಮಯವು ಬಹಳ ಮುಖ್ಯವಾದುದು. ಮಕ್ಕಳಲ್ಲಿ ಫಲಕದ ಮುರಿತವು ಶೀಘ್ರವಾಗಿ ಅಂಟಿಕೊಳ್ಳುತ್ತದೆ. ಸುಮಾರು 7 ರಿಂದ 10 ದಿನಗಳು ಕಳೆದ ಮೇಲೆ ಬಲವಂತವಾಗಿ ಎಳೆದು ಕೂರಿಸಲು ಪ್ರಯತ್ನಿಸಿದರೆ ಫಲಕಕ್ಕೆ ಹೊಸದಾಗಿ ಹಾನಿಯಾಗುತ್ತದೆ. ಆದುದರಿಂದ ತಡವಾಗಿ ಬಂದ ಎರಡನೆಯ ವಿಧದ ಮುರಿತವನ್ನು ವೈದ್ಯರು ಇದ್ದಂತೆಯೇ ಬಿಟ್ಟು, ಮುಂದಿನ ಬೆಳವಣಿಗೆಯಲ್ಲಿ ಅದು ತಾನಾಗಿ ಸರಿಹೋಗುವುದನ್ನು ಕಾಯಬಹುದು. ಇದನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು.

6. ಪೋಷಕರು ಮಾಡಬಾರದ ಕಾರ್ಯಗಳು

ಉಳುಕೆಂದು ಭಾವಿಸಿ ಎಣ್ಣೆ ಹಚ್ಚಿ ತಿಕ್ಕುವುದು, ನೀವುವುದು ಮತ್ತು ಎಳೆಯುವುದನ್ನು ಮಾಡಬಾರದು. ಎಕ್ಸ್-ರೇ ಇಲ್ಲದೆ ಬಿದಿರಿನ ದಬ್ಬೆಗಳನ್ನು ಇಟ್ಟು ಬಿಗಿಯಾಗಿ ಕಟ್ಟಿಸಬಾರದು. ಊತ ಹೆಚ್ಚಿದಾಗ ಈ ಕಟ್ಟು ರಕ್ತ ಸಂಚಾರವನ್ನು ತಡೆದು, ಸ್ನಾಯುಗಳು ಸತ್ತು, ಕೈ ಶಾಶ್ವತವಾಗಿ ಮುದುಡಿಕೊಳ್ಳಬಹುದು. ಕೆಲವೊಮ್ಮೆ ಕೈಯನ್ನೇ ತೆಗೆಯಬೇಕಾದ ಸ್ಥಿತಿಯೂ ಬರಬಹುದು.

ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರಿನಿಂದಲೂ ಇಂತಹ ಒತ್ತಡ ಉಂಟಾಗಬಹುದು. ಪ್ಲಾಸ್ಟರ್ ಹಾಕಿದ ನಂತರ ನೋವು ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದಲ್ಲಿ, ಬೆರಳುಗಳನ್ನು ಚಾಚಿಸಿದಾಗ ಮಗು ಚೀರಿದಲ್ಲಿ ಅಥವಾ ಬೆರಳುಗಳು ಬಿಳಿಚಿಕೊಂಡಲ್ಲಿ, ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಮರಳಬೇಕು.

ಪ್ರಥಮ ಚಿಕಿತ್ಸೆಯಾಗಿ ಗಾಯಗೊಂಡ ಭಾಗವನ್ನು ಇದ್ದ ಸ್ಥಿತಿಯಲ್ಲಿಯೇ ಮೆತ್ತನೆಯ ಬಟ್ಟೆ ಹಾಗೂ ರಟ್ಟಿನ ಆಧಾರದಿಂದ ಅಲುಗದಂತೆ ಇರಿಸಿದರೆ ಸಾಕು. ಅರಿವಳಿಕೆ ನೀಡಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಮಗುವಿಗೆ ಆಹಾರ ನೀಡದಿರುವುದು ಸೂಕ್ತ.

7. ಬೆಳವಣಿಗೆಯ ನಷ್ಟವನ್ನು ಲೆಕ್ಕ ಹಾಕುವ ಬಗೆ

ಒಂದೇ ವಿಧದ ಮುರಿತವು ಬೇರೆ ಬೇರೆ ವಯಸ್ಸಿನ ಮಕ್ಕಳಲ್ಲಿ ಬೇರೆ ಬೇರೆ ಪರಿಣಾಮವನ್ನು ಉಂಟುಮಾಡುವುದೇಕೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಮೂಳೆ ತಜ್ಞರು ಅಂದಾಜಿಗಾಗಿ ಬಳಸುವ ಸೂತ್ರದಂತೆ, ಮೊಣಕಾಲಿನ ಮೇಲಿನ ಫಲಕವು ವರ್ಷಕ್ಕೆ ಸುಮಾರು 9 ಮಿ.ಮೀ. ಹಾಗೂ ಮೊಣಕಾಲಿನ ಕೆಳಗಿನ ಫಲಕವು ವರ್ಷಕ್ಕೆ ಸುಮಾರು 6 ಮಿ.ಮೀ. ಬೆಳವಣಿಗೆ ನೀಡುತ್ತವೆ. ಬಾಲಕಿಯರಲ್ಲಿ 14ನೇ ವರ್ಷಕ್ಕೆ ಹಾಗೂ ಬಾಲಕರಲ್ಲಿ 16ನೇ ವರ್ಷಕ್ಕೆ ಬೆಳವಣಿಗೆ ನಿಲ್ಲುತ್ತದೆ ಎಂದು ಪರಿಗಣಿಸಲಾಗುತ್ತದೆ.

ಮೊಣಕಾಲಿನ ಮೇಲಿನ ಫಲಕವು ಮುರಿತದ ನಂತರ ಸಂಪೂರ್ಣವಾಗಿ ನಿಂತುಹೋದಲ್ಲಿ:

- 8 ವರ್ಷದ ಬಾಲಕ: ಉಳಿದ ಅವಧಿ 8 ವರ್ಷ, ಕೊರತೆ ಸುಮಾರು 72 ಮಿ.ಮೀ.
- 10 ವರ್ಷದ ಬಾಲಕಿ: ಉಳಿದ ಅವಧಿ 4 ವರ್ಷ, ಕೊರತೆ ಸುಮಾರು 36 ಮಿ.ಮೀ.
- 15 ವರ್ಷದ ಬಾಲಕ: ಉಳಿದ ಅವಧಿ 1 ವರ್ಷ, ಕೊರತೆ ಸುಮಾರು 9 ಮಿ.ಮೀ.

ಸುಮಾರು 2 ಸೆಂ.ಮೀ.ವರೆಗಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಪಾದರಕ್ಷೆಯ ಅಡಿ ಎತ್ತರಿಸುವ ಮೂಲಕ ಸರಿಪಡಿಸಿಕೊಳ್ಳಬಹುದು. 2 ರಿಂದ 5 ಸೆಂ.ಮೀ. ಅಂತರವಾಗುವ ನಿರೀಕ್ಷೆಯಿದ್ದಲ್ಲಿ, ಇನ್ನೊಂದು ಕಾಲಿನ ಫಲಕವನ್ನು ಸೂಕ್ತ ವಯಸ್ಸಿನಲ್ಲಿ ನಿಲ್ಲಿಸಿ ಎರಡನ್ನೂ ಸಮಗೊಳಿಸುವ ಸಣ್ಣ ಶಸ್ತ್ರಚಿಕಿತ್ಸೆ ಸಾಧ್ಯವಿದೆ. ಅದಕ್ಕೂ ಹೆಚ್ಚಿದ್ದಲ್ಲಿ ಮೂಳೆಯನ್ನು ಉದ್ದಗೊಳಿಸುವ ದೀರ್ಘಾವಧಿಯ ಚಿಕಿತ್ಸೆ ಬೇಕಾಗಬಹುದು. ಫಲಕದ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿ ಮೂಳೆಯ ಸೇತುವೆ ನಿರ್ಮಾಣವಾಗಿದ್ದು, ಕನಿಷ್ಠ ಎರಡು ವರ್ಷಗಳ ಬೆಳವಣಿಗೆ ಬಾಕಿ ಇದ್ದಲ್ಲಿ, ಸೇತುವೆಯನ್ನು ತೆಗೆದು ಆ ಜಾಗದಲ್ಲಿ ಕೊಬ್ಬನ್ನು ಇರಿಸಿ ಬೆಳವಣಿಗೆಯನ್ನು ಮರಳಿ ಪಡೆಯಲು ಪ್ರಯತ್ನಿಸಬಹುದು.

ಗಮನಿಸಬೇಕಾದ ಅಂಶವೆಂದರೆ, ಈ ಚಿಕಿತ್ಸೆಗಳಲ್ಲಿ ಹಲವು ಬೆಳವಣಿಗೆಯು ಬಾಕಿ ಇರುವಾಗ ಮಾತ್ರ ಸಾಧ್ಯ. 10ನೇ ವಯಸ್ಸಿನಲ್ಲಿ ಪತ್ತೆಯಾದ ತೊಂದರೆಗೆ ಇರುವಷ್ಟು ಮಾರ್ಗಗಳು 16ನೇ ವಯಸ್ಸಿನಲ್ಲಿ ಪತ್ತೆಯಾದ ಅದೇ ತೊಂದರೆಗೆ ಉಳಿದಿರುವುದಿಲ್ಲ.

8. ಮರುತಪಾಸಣೆಯ ಅವಧಿ

ಪ್ಲಾಸ್ಟರ್ ಬಿಚ್ಚಿ, ಮಗು ಎಂದಿನಂತೆ ಓಡಾಡಲು ಆರಂಭಿಸಿದ ನಂತರ ಪೋಷಕರು ಮರುತಪಾಸಣೆಯನ್ನು ಕೈಬಿಡುವುದು ಸಹಜ. ದಿನಗೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು, ಆರೋಗ್ಯವಾಗಿ ಕಾಣುವ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕರೆತರುವುದು ಸುಲಭವಲ್ಲ. ಆದರೂ ಈ ಕೆಳಕಂಡ ಕನಿಷ್ಠ ಕ್ರಮವನ್ನು ಅನುಸರಿಸುವುದು ಅವಶ್ಯ.

ಅ) ಮೊದಲ ಒಂದರಿಂದ ಎರಡು ವಾರದೊಳಗೆ: ಮೂಳೆಯು ಪ್ಲಾಸ್ಟರಿನೊಳಗೆ ಜಾರಿಲ್ಲವೆಂದು ಖಚಿತಪಡಿಸಿಕೊಳ್ಳಲು.

ಆ) ಪ್ಲಾಸ್ಟರ್ ಬಿಚ್ಚಿದ ನಂತರ ಸುಮಾರು 6 ತಿಂಗಳಿಗೆ: ಬೆಳವಣಿಗೆ ಮುಂದುವರಿದಿರುವುದನ್ನು ಎಕ್ಸ್-ರೇ ಮೂಲಕ ನೋಡಲು. ಗಾಯದ ಸಮಯದಲ್ಲಿ ಬೆಳವಣಿಗೆ ತುಸು ತಡೆದುದರ ಗುರುತಾಗಿ ಮೂಳೆಯಲ್ಲಿ ಅಡ್ಡಗೆರೆಯೊಂದು ಮೂಡಬಹುದು. ಆ ಗೆರೆಯು ಫಲಕಕ್ಕೆ ಸಮಾನಾಂತರವಾಗಿ ದೂರ ಸರಿಯುತ್ತಿದ್ದರೆ ಬೆಳವಣಿಗೆ ಸರಿಯಾಗಿದೆ ಎಂದರ್ಥ. ಓರೆಯಾಗಿ ಫಲಕದ ಒಂದು ಬದಿಗೆ ಸೇರಿಕೊಂಡಿದ್ದರೆ ಅಲ್ಲಿ ಬೆಳವಣಿಗೆ ನಿಂತಿರುವ ಸಾಧ್ಯತೆ ಇದೆ.

ಇ) ಮೂರನೆಯ, ನಾಲ್ಕನೆಯ ಮತ್ತು ಐದನೆಯ ವಿಧಗಳು ಹಾಗೂ ಮೊಣಕಾಲಿನ ಬಳಿಯ ಯಾವುದೇ ವಿಧ: ವೈದ್ಯರ ಸೂಚನೆಯಂತೆ ಒಂದೆರಡು ವರ್ಷ, ಅಗತ್ಯವಿದ್ದಲ್ಲಿ ಬೆಳವಣಿಗೆ ಪೂರ್ಣಗೊಳ್ಳುವವರೆಗೆ.

ಈ ನಡುವೆ ಮನೆಯಲ್ಲಿಯೇ ಮೂರು ತಿಂಗಳಿಗೊಮ್ಮೆ ಎರಡೂ ಕೈ ಅಥವಾ ಎರಡೂ ಕಾಲುಗಳನ್ನು ಜೊತೆಯಲ್ಲಿಟ್ಟು ಹೋಲಿಸಿ ನೋಡಬಹುದು. ಪ್ಯಾಂಟಿನ ಒಂದು ಕಾಲು ಮಾತ್ರ ನೆಲಕ್ಕೆ ತಾಗುತ್ತಿದ್ದಲ್ಲಿ, ಒಂದೇ ಚಪ್ಪಲಿಯ ಹಿಮ್ಮಡಿ ಬೇಗ ಸವೆಯುತ್ತಿದ್ದಲ್ಲಿ ಅಥವಾ ಮೊಣಕೈ, ಮೊಣಕಾಲು ಒಂದು ಬದಿಗೆ ವಾಲುತ್ತಿದ್ದಲ್ಲಿ ಕೂಡಲೇ ಮೂಳೆ ತಜ್ಞರನ್ನು ಕಾಣಬೇಕು.

9. ಲಭ್ಯವಿರುವ ಸೇವೆಗಳು ಮತ್ತು ಇಟ್ಟುಕೊಳ್ಳಬೇಕಾದ ದಾಖಲೆಗಳು

ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಆಂಬ್ಯುಲೆನ್ಸ್ ಸೇವೆ ಪಡೆಯಬಹುದು. ಮೂಳೆ ತಜ್ಞರಿರುವ ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಪಡೆಯಬಹುದು. ಬೆಂಗಳೂರಿನಲ್ಲಿ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಇವೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಇತರ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ ಭರಿಸಲು ಅವಕಾಶ ಕಲ್ಪಿಸಲಾಗಿದೆ. ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ತರಬೇಕು. ಮಗುವಿನ ಚಿಕಿತ್ಸೆಗೆ ಯಾವ ಪ್ಯಾಕೇಜ್ ಅನ್ವಯಿಸುತ್ತದೆ ಹಾಗೂ ಶಿಫಾರಸು ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ ತಿಳಿಯಬಹುದು.

ಮಗುವು ವಾಹನ ಅಪಘಾತದಲ್ಲಿ ಗಾಯಗೊಂಡಿದ್ದಲ್ಲಿ, ಆಸ್ಪತ್ರೆಗೆ ಬಂದ ಕೂಡಲೇ ಆ ವಿಷಯವನ್ನು ತಿಳಿಸಿ ಎಂ.ಎಲ್.ಸಿ. ಪ್ರಕರಣವೆಂದು ದಾಖಲಿಸಿಕೊಳ್ಳಬೇಕು. ಗಾಯದ ಪ್ರಮಾಣ ಪತ್ರದಲ್ಲಿ ಕೇವಲ ಮುರಿತವೆಂದು ಬರೆಯದೆ, ಬೆಳವಣಿಗೆ ಫಲಕದ ಮುರಿತ ಹಾಗೂ ಅದರ ವಿಧವನ್ನು ನಮೂದಿಸುವಂತೆ ಕೋರಬಹುದು. ಅಂಗವು ಗಿಡ್ಡವಾದುದು ಎರಡು ವರ್ಷಗಳ ನಂತರ ಕಂಡುಬಂದಾಗ, ಅದಕ್ಕೂ ಅಪಘಾತಕ್ಕೂ ಇರುವ ಸಂಬಂಧವನ್ನು ತೋರಿಸಲು ಈ ಒಂದು ಸಾಲು ನೆರವಾಗುತ್ತದೆ.

ಶಾಶ್ವತ ನ್ಯೂನತೆ ಉಳಿದಲ್ಲಿ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅಡಿಯಲ್ಲಿ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ನ್ಯೂನತೆ ಅಗತ್ಯ. 2021ರ ಜೂನ್ 1ರಿಂದ ಈ ಪ್ರಮಾಣ ಪತ್ರವನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡಲಾಗುತ್ತಿದೆ.

ಈ ಎಲ್ಲ ಉದ್ದೇಶಗಳಿಗಾಗಿ ಕೆಳಕಂಡ ದಾಖಲೆಗಳನ್ನು ಮಗುವಿಗೆ 18 ವರ್ಷ ತುಂಬುವವರೆಗೆ ಕಡತವೊಂದರಲ್ಲಿ ಜೋಪಾನವಾಗಿಡುವುದು ಒಳಿತು:

- ಮೊದಲ ದಿನದ ಹೊರರೋಗಿ ಚೀಟಿ
- ಎಲ್ಲ ಎಕ್ಸ್-ರೇ ಚಿತ್ರಗಳು, ದಿನಾಂಕ ಸಹಿತ; ಮೊಬೈಲ್‌ನಲ್ಲಿ ನೀಡಿದ್ದಲ್ಲಿ ಅದರ ಪ್ರತಿ
- ಡಿಸ್ಚಾರ್ಜ್ ಸಾರಾಂಶ ಹಾಗೂ ಶಸ್ತ್ರಚಿಕಿತ್ಸೆಯ ಟಿಪ್ಪಣಿ
- ಅಳವಡಿಸಿದ ತಂತಿ ಅಥವಾ ಸ್ಕ್ರೂ ತೆಗೆಯಬೇಕಾದ ದಿನಾಂಕ
- ಗಾಯದ ಪ್ರಮಾಣ ಪತ್ರ, ಅನ್ವಯಿಸಿದಲ್ಲಿ

ಮುಕ್ತಾಯ

ಬೆಳವಣಿಗೆ ಫಲಕದ ಮುರಿತಗಳಲ್ಲಿ ಬಹುಪಾಲು ಯಾವುದೇ ಕುಂದು ಉಳಿಯದಂತೆ ಗುಣವಾಗುತ್ತವೆ. ಪೋಷಕರು ಅನಗತ್ಯವಾಗಿ ಭಯಪಡಬೇಕಾಗಿಲ್ಲ. ಆದರೆ ಯಾವ ಮಗುವಿನ ಬೆಳವಣಿಗೆ ನಿಂತಿದೆ ಎಂಬುದು ಪ್ಲಾಸ್ಟರ್ ಬಿಚ್ಚಿದ ದಿನ ಯಾರಿಗೂ ತಿಳಿಯುವುದಿಲ್ಲ. ಅದು ಮರುತಪಾಸಣೆಯಲ್ಲಿ ಮಾತ್ರ ತಿಳಿಯುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮುನ್ನ ವೈದ್ಯರಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕಾಗಿ ಕೋರಲಾಗಿದೆ: ಮುರಿತವು ಬೆಳವಣಿಗೆ ಫಲಕಕ್ಕೆ ತಾಗಿದೆಯೇ? ತಾಗಿದ್ದಲ್ಲಿ ಯಾವ ವಿಧ? ಎಷ್ಟು ಕಾಲದವರೆಗೆ ಮರುತಪಾಸಣೆಗೆ ಬರಬೇಕು?

ಸೂಚನೆ: ಇಲ್ಲಿ ನೀಡಿರುವ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಂದು ಪ್ರಕರಣದಲ್ಲಿಯೂ ಚಿಕಿತ್ಸೆ ನೀಡುವ ವೈದ್ಯರ ಸಲಹೆಯೇ ಅಂತಿಮವಾಗಿರುತ್ತದೆ.